ಸರಾಸರಿಯೂ ಕದಲಲಿಲ್ಲ, ಜಗಳವೂ ನಿಲ್ಲಲಿಲ್ಲ

16.3 ಅಂಕ, 10.3 ರೀಬೌಂಡ್. ಮರುವರ್ಷ 18.2 ಮತ್ತು 11.5. ಆಮೇಲೆ 14.4 ಮತ್ತು 10.5. ಅಲ್ಲಿಂದ 17.2 ಮತ್ತು 10.2, 18.0 ಮತ್ತು 10.0, 16.7 ಮತ್ತು 11.1; ಮತ್ತೆ 14.4 ಮತ್ತು 10.2. ಡಿಯಾಂಡ್ರೆ ಏಟನ್ ಎಂಬ ಏಳಡಿ ಎತ್ತರದ ಬ್ಯಾಸ್ಕೆಟ್‌ಬಾಲ್ ಆಟಗಾರ ಅಮೆರಿಕದ ಎನ್‌ಬಿಎ ಲೀಗ್‌ನಲ್ಲಿ 2018–19ರಿಂದ 2024–25ರವರೆಗಿನ ಏಳು ಋತುಗಳಲ್ಲಿ ಪಂದ್ಯವೊಂದಕ್ಕೆ ಗಳಿಸಿದ ಸರಾಸರಿ ಇದು. ಗುರಿ ತಪ್ಪಿ ಚಿಮ್ಮಿದ ಚೆಂಡನ್ನು ಹಿಡಿಯುವುದಕ್ಕೆ ರೀಬೌಂಡ್ ಎನ್ನುತ್ತಾರೆ. ಈ ಏಳು ವರ್ಷಗಳಲ್ಲಿ ಮೂವರು ಕೋಚ್‌ಗಳು ಅವನನ್ನು ಆಡಿಸಿದರು. ತಂಡ ತಳ ಕಂಡಿತು, ಶಿಖರ ಕಂಡಿತು, ಕೊನೆಗೆ ಅವನ ತಂಡವೇ ಬದಲಾಯಿತು. ಅಂಕಿಗಳು ಮಾತ್ರ ಕದಲಲಿಲ್ಲ. ಒಂದು ವರ್ಷವೂ ಹತ್ತು ರೀಬೌಂಡ್‌ಗಿಂತ ಕೆಳಗಿಳಿಯಲಿಲ್ಲ, ಒಂದು ವರ್ಷವೂ ಇಪ್ಪತ್ತು ಅಂಕ ಮುಟ್ಟಲಿಲ್ಲ.

ಇಷ್ಟು ನೆಚ್ಚಬಹುದಾದ ಆಟಗಾರನ ಬಗ್ಗೆ ಇಷ್ಟೊಂದು ಜಗಳ ಯಾಕೆ ಎಂಬುದೇ ಸೋಜಿಗ. ಬ್ಯಾಸ್ಕೆಟ್‌ಬಾಲ್ ನೋಡುವವರಲ್ಲಿ ಏಟನ್ ಹೆಸರು ಎತ್ತಿದರೆ ಸಾಕು, ಎರಡು ಪಕ್ಷ ಎದ್ದು ನಿಲ್ಲುತ್ತವೆ. ವರ್ಷಾನುಗಟ್ಟಲೆ ಹದಿನಾರು ಅಂಕ, ಹತ್ತು ರೀಬೌಂಡ್ ಕೊಡುವ ಸೆಂಟರ್‌ಗಳು ಲೀಗ್‌ನಲ್ಲಿ ಎಷ್ಟು ಜನ ಇದ್ದಾರೆ, ಬೆರಳು ಮಡಚಿ ಎಣಿಸಿ ಎನ್ನುತ್ತದೆ ಒಂದು ಪಕ್ಷ. ಇನ್ನೊಂದು ಪಕ್ಷ ಒಂದೇ ಹೆಸರು ಹೇಳಿ ಸುಮ್ಮನಾಗುತ್ತದೆ: ಲೂಕಾ ಡಾಂಚಿಚ್.

ಕಥೆ ಶುರುವಾಗುವುದೂ ಅಲ್ಲಿಂದಲೇ. ಎನ್‌ಬಿಎಯಲ್ಲಿ ಹೊಸ ಆಟಗಾರರನ್ನು ಹಂಚಿಕೊಳ್ಳುವ ಕ್ರಮಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಹಣ ಕೂಗುವುದಿಲ್ಲ, ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ ಸಿಗುವ ಅವಕಾಶ ಹೆಚ್ಚು. 2018ರ ಜೂನ್‌ನಲ್ಲಿ ಆ ಸರದಿ ಫೀನಿಕ್ಸ್ ಸನ್ಸ್ ತಂಡದ್ದಾಗಿತ್ತು. ತಂಡದ ಇತಿಹಾಸದಲ್ಲೇ ಮೊದಲ ಸಲ ಅವರಿಗೆ ಒಂದನೇ ಆಯ್ಕೆ ದಕ್ಕಿತ್ತು. ಕಣ್ಣೆದುರು ಇದ್ದವನು ಮನೆಯ ಹುಡುಗನಂಥವನು. ಬಹಾಮಾಸ್ ದ್ವೀಪಗಳ ನಸ್ಸಾವ್‌ನಲ್ಲಿ ಹುಟ್ಟಿ, ಹನ್ನೆರಡರ ವಯಸ್ಸಿಗೆ ಅಮೆರಿಕಕ್ಕೆ ಬಂದು, ಫೀನಿಕ್ಸ್‌ನಲ್ಲೇ ಶಾಲೆಯ ಆಟ ಆಡಿ, ಅದೇ ರಾಜ್ಯದ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಒಂದು ವರ್ಷ ಆಡಿದ್ದ. ಆ ಒಂದು ವರ್ಷದಲ್ಲಿ ಪಂದ್ಯಕ್ಕೆ 20.1 ಅಂಕ, 11.6 ರೀಬೌಂಡ್. ಎತ್ತರ, ತೂಕ, ಮೃದುವಾದ ಕೈ, ಆ ಮೈಕಟ್ಟಿಗೆ ಅಪರೂಪವಾದ ಓಟ, ಎಲ್ಲವೂ ಇತ್ತು. ಸನ್ಸ್ ಎರಡನೇ ಮಾತಿಲ್ಲದೆ ಅವನನ್ನು ಆರಿಸಿತು.

ಡಾಂಚಿಚ್ ಮೂರನೆಯವನಾಗಿ ಆಯ್ಕೆಯಾಗಿ, ಅದೇ ರಾತ್ರಿಯ ವಿನಿಮಯದಲ್ಲಿ ಡಲ್ಲಾಸ್ ಸೇರಿದ. ಇಲ್ಲೊಂದು ವಿಚಿತ್ರ ನೋಡಿ. ಆಗಷ್ಟೇ ಸನ್ಸ್ ಕೋಚ್ ಆಗಿ ನೇಮಕಗೊಂಡಿದ್ದ ಇಗೋರ್ ಕೊಕೊಶ್ಕೊವ್, ಹಿಂದಿನ ವರ್ಷ ಸ್ಲೊವೇನಿಯಾ ತಂಡವನ್ನು ಯುರೋಪ್ ಚಾಂಪಿಯನ್ ಮಾಡಿದವರು. ಆ ತಂಡದಲ್ಲಿದ್ದ ಹದಿನೆಂಟರ ಹುಡುಗನೇ ಡಾಂಚಿಚ್. ಅವನನ್ನು ಹತ್ತಿರದಿಂದ ಬಲ್ಲ ಕೋಚ್ ಪಕ್ಕದಲ್ಲೇ ಇದ್ದರೂ ತಂಡ ಏಳಡಿಯ ಹುಡುಗನ ಕಡೆಗೇ ವಾಲಿತು. ದೊಡ್ಡ ಆಳು ಸಿಕ್ಕರೆ ಬಿಡಬಾರದು ಎಂಬುದು ಈ ಆಟದ ಹಳೆಯ ನಂಬಿಕೆ. 1984ರಲ್ಲಿ ಮೈಕಲ್ ಜೋರ್ಡನ್ ಮೂರನೆಯವನಾಗಿ ಹೋದದ್ದು ಅದರಿಂದಲೇ. ಅವನಿಗಿಂತ ಮುಂಚೆ ಆಯ್ಕೆಯಾದ ಇಬ್ಬರೂ ಸೆಂಟರ್‌ಗಳು. ಮೊದಲನೆಯವನು ಹಕೀಮ್ ಒಲಾಜುವನ್, ಹೂಸ್ಟನ್‌ಗೆ ಎರಡು ಪ್ರಶಸ್ತಿ ಗೆದ್ದುಕೊಟ್ಟವನು, ಅವನ ಬಗ್ಗೆ ಯಾರೂ ಚಕಾರ ಎತ್ತುವುದಿಲ್ಲ. ಎರಡನೆಯವನು ಸ್ಯಾಮ್ ಬೋವಿ. ಕಾಲಿನ ಗಾಯಗಳು ಅವನ ಆಟವನ್ನು ತಿಂದವು, ಜೋರ್ಡನ್ನನ್ನು ಬಿಟ್ಟು ಆರಿಸಿಕೊಂಡವನು ಎಂಬ ಬಿರುದು ಮಾತ್ರ ಉಳಿಯಿತು. ಏಟನ್ ಬೋವಿಯಲ್ಲ. ಒಲಾಜುವನ್ನೂ ಅಲ್ಲ. ಇವರಿಬ್ಬರ ನಡುವಿನ ಅಷ್ಟಗಲದ ಜಾಗದಲ್ಲಿ ಎಲ್ಲೋ ನಿಂತಿದ್ದಾನೆ ಎಂಬುದೇ ವಾದಕ್ಕೆ ಕೊನೆಯಿಲ್ಲದಂತೆ ಮಾಡಿರುವುದು.

ಸೆಂಟರ್ ಎಂಬ ಸ್ಥಾನದ ಕಷ್ಟವನ್ನು ಸ್ವಲ್ಪ ನೋಡದೆ ಮುಂದೆ ಹೋದರೆ ಏಟನ್‌ಗೆ ಅನ್ಯಾಯವಾಗುತ್ತದೆ. ಹಿಂದೆ ಸೆಂಟರ್ ಎಂದರೆ ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಂತು, ಚೆಂಡು ಕೇಳಿ ಪಡೆದು, ಎದುರಾಳಿಯನ್ನು ದಬ್ಬಿ ಅಂಕ ಗಳಿಸುವವನು. ಇಂದಿನ ಆಟದಲ್ಲಿ ಚೆಂಡು ಗಾರ್ಡ್‌ಗಳ ಕೈಯಲ್ಲಿರುತ್ತದೆ. ಸೆಂಟರ್ ಓಡಿ ಬಂದು ಗಾರ್ಡ್‌ನ ಎದುರಾಳಿಗೆ ಅಡ್ಡ ನಿಲ್ಲಬೇಕು, ಇದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಅಡ್ಡ ನಿಂತ ಮರುಗಳಿಗೆಯಲ್ಲಿ ತಿರುಗಿ ಬುಟ್ಟಿಯ ಕಡೆ ನುಗ್ಗಬೇಕು. ಪಾಸ್ ಬಂದರೆ ಅಂಕ, ಬರದಿದ್ದರೆ ಬರಿ ಓಟ. ಅಡ್ಡ ನಿಂತದ್ದಕ್ಕೆ ಯಾವ ಪಟ್ಟಿಯಲ್ಲೂ ಚಪ್ಪಾಳೆಯಿಲ್ಲ. ಒಂದು ಪಂದ್ಯದಲ್ಲಿ ಈ ಕೂಲಿ ಎಷ್ಟು ಬಾರಿ ನಡೆಯುತ್ತದೆಂದು ಟಿವಿಯಲ್ಲಿ ಚೆಂಡನ್ನೇ ಹಿಂಬಾಲಿಸುವ ಕಣ್ಣಿಗೆ ಗೊತ್ತಾಗುವುದಿಲ್ಲ. ಅಂದರೆ ಸೆಂಟರ್‌ನ ಅಂಕಗಳಲ್ಲಿ ದೊಡ್ಡ ಪಾಲು ಗಾರ್ಡ್‌ನ ಕೃಪೆ.

ಗಾರ್ಡ್ ಕ್ರಿಸ್ ಪಾಲ್ 2020ರ ನವೆಂಬರ್‌ನಲ್ಲಿ ಸನ್ಸ್‌ಗೆ ಬಂದಾಗ ಇದು ಅಕ್ಷರಶಃ ಕಂಡಿತು. ಚೆಂಡನ್ನು ಎಲ್ಲಿ, ಯಾವ ಗಳಿಗೆಯಲ್ಲಿ ಕೊಡಬೇಕೆಂದು ಪಾಲ್‌ನಷ್ಟು ಬಲ್ಲವರು ಕಡಿಮೆ. ಆ ಋತುವಿನಲ್ಲಿ ಏಟನ್‌ನ ಅಂಕ 14.4ಕ್ಕೆ ಇಳಿಯಿತು, ಆದರೆ ಹೊಡೆದದ್ದರಲ್ಲಿ ಬುಟ್ಟಿ ಸೇರಿದ ಪ್ರಮಾಣ ಶೇ 62.6ಕ್ಕೆ ಏರಿತು. ಮೊದಲ ವರ್ಷ ಬರೀ 19 ಪಂದ್ಯ ಗೆದ್ದು 63 ಸೋತಿದ್ದ ತಂಡ ಈಗ 51 ಗೆದ್ದು 21 ಸೋತಿತು. ಹತ್ತು ವರ್ಷ ಪ್ಲೇಆಫ್ ಬಾಗಿಲನ್ನೇ ಕಾಣದ ಸನ್ಸ್ ನೇರವಾಗಿ ಫೈನಲ್ ತಲುಪಿತು. ದಾರಿಯಲ್ಲಿ ಆ ವರ್ಷದ ಅತ್ಯುತ್ತಮ ಆಟಗಾರ ಎನಿಸಿದ್ದ ನಿಕೋಲಾ ಯೋಕಿಚ್‌ನ ಡೆನ್ವರ್ ತಂಡವನ್ನು 4–0 ಅಂತರದಲ್ಲಿ ಗುಡಿಸಿ ಹಾಕಿತು. ಯೋಕಿಚ್‌ಗೆ ಎದುರಾಗಿ ನಿಂತ ಮುಖ್ಯ ಆಳು ಏಟನ್. ಆ ಪ್ಲೇಆಫ್‌ನಲ್ಲಿ ಅವನ ಲೆಕ್ಕ 15.8 ಅಂಕ, 11.8 ರೀಬೌಂಡ್, ಗುರಿ ಮುಟ್ಟಿದ್ದು ಶೇ 65.8. ಆಗ ಅವನಿಗೆ 22 ವರ್ಷ.

ಆ ಒಂದು ತಿಂಗಳಿನ ಎರಡು ಗಳಿಗೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು.

ಮೊದಲನೆಯದು 2021ರ ಜೂನ್ 22. ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ವಿರುದ್ಧ ಎರಡನೇ ಪಂದ್ಯ. ಕ್ಲಿಪ್ಪರ್ಸ್ 103–102ರಿಂದ ಮುಂದಿದೆ, ಗಡಿಯಾರದಲ್ಲಿ ಉಳಿದದ್ದು 0.9 ಸೆಕೆಂಡ್. ಚೆಂಡು ಹಿಡಿದು, ತಿರುಗಿ, ಎಸೆಯುವಷ್ಟೂ ಸಮಯವಿಲ್ಲ. ಗೆರೆಯ ಹೊರಗೆ ನಿಂತ ಸನ್ಸ್‌ನ ಜೇ ಕ್ರೌಡರ್ ಚೆಂಡನ್ನು ನೇರವಾಗಿ ಬುಟ್ಟಿಯ ಬಾಯಿಗೇ ತೂರಿದ. ಅವನ ಜೊತೆ ಆಟಗಾರ ಡೆವಿನ್ ಬುಕರ್ ಕ್ಲಿಪ್ಪರ್ಸ್‌ನ ಸೆಂಟರ್ ಇವಿಚಾ ಜುಬಾಟ್ಸ್‌ಗೆ ಅಡ್ಡ ನಿಂತ. ಏಟನ್ ಹಾರಿ, ಗಾಳಿಯಲ್ಲೇ ಚೆಂಡು ಹಿಡಿದು ಬುಟ್ಟಿಗೆ ತುರುಕಿದ. ಬುಟ್ಟಿಯ ಮೇಲೆ ತೇಲುವ ಚೆಂಡನ್ನು ದಾಳಿಯ ತಂಡದವನು ಮುಟ್ಟಿದರೆ ಸಾಮಾನ್ಯವಾಗಿ ಅಂಕ ರದ್ದು. ಆದರೆ ಗೆರೆಯ ಹೊರಗಿನಿಂದ ಎಸೆದ ಚೆಂಡು ತಾನಾಗಿ ಬುಟ್ಟಿಗೆ ಬಿದ್ದರೂ ಅದಕ್ಕೆ ಅಂಕವಿಲ್ಲ. ಹಾಗಾಗಿ ಆ ತಡೆಯೂ ಅದಕ್ಕೆ ಲಾಗುವಾಗುವುದಿಲ್ಲ. ನಿಯಮದ ಈ ಸಂದಿಯಲ್ಲಿ ಕೋಚ್ ಮಾಂಟಿ ವಿಲಿಯಮ್ಸ್ ಹೆಣೆದ ಆಟ ನುಸುಳಿತು. 104–103. ಕ್ರಿಸ್ ಪಾಲ್ ಇಲ್ಲದ ಆ ಪಂದ್ಯದಲ್ಲಿ ಏಟನ್ 15 ಹೊಡೆತಗಳಲ್ಲಿ 12 ಗುರಿ ಮುಟ್ಟಿಸಿ 24 ಅಂಕ, 14 ರೀಬೌಂಡ್ ಗಳಿಸಿದ್ದ.

ಎರಡನೆಯದು ಜುಲೈ 14. ಮಿಲ್ವಾಕೀ ಬಕ್ಸ್ ವಿರುದ್ಧ ಫೈನಲ್‌ನ ನಾಲ್ಕನೇ ಪಂದ್ಯ. ಬಕ್ಸ್ ಎರಡೇ ಅಂಕ ಮುಂದೆ, ಪಂದ್ಯ ಮುಗಿಯಲು ಒಂದು ನಿಮಿಷಕ್ಕೆ ಸ್ವಲ್ಪ ಹೆಚ್ಚು ಸಮಯ. ಬುಕರ್ ಒಳನುಗ್ಗಿ ಏಟನ್‌ಗೆ ಅದೇ ತರಹದ ಎತ್ತರದ ಪಾಸ್ ಕೊಟ್ಟ. ಏಟನ್ ಹಾರಿದ, ಚೆಂಡು ಕೈಗೆ ಬಂತು, ಇನ್ನೇನು ಬುಟ್ಟಿಗೆ ಹಾಕಬೇಕು. ಬುಕರ್‌ನನ್ನು ತಡೆಯಲೆಂದು ಮುಂದೆ ಹೆಜ್ಜೆ ಇಟ್ಟಿದ್ದ ಯಾನಿಸ್ ಆಂಟೆಟೊಕುಂಪೊ ಅಲ್ಲಿಂದಲೇ ತಿರುಗಿ, ನೆಗೆದು, ಬುಟ್ಟಿಯ ಬಾಯಲ್ಲೇ ಚೆಂಡನ್ನು ತಡೆದುಬಿಟ್ಟ. ಸಮವಾಗಬೇಕಿದ್ದ ಪಂದ್ಯ ಬಕ್ಸ್ ಪಾಲಾಯಿತು, ಸರಣಿ 2–2 ಆಯಿತು, ಮುಂದಿನ ಎರಡನ್ನೂ ಬಕ್ಸ್ ಗೆದ್ದಿತು.

ಎರಡೂ ಸಲ ಏಟನ್ ಮಾಡಿದ್ದು ಒಂದೇ ಕೆಲಸ. ಒಮ್ಮೆ ಚಿತ್ರ ಗೋಡೆಗೇರಿತು, ಇನ್ನೊಮ್ಮೆ ಎದುರಾಳಿಯ ಚಿತ್ರದಲ್ಲಿ ಅವನು ಹಿನ್ನೆಲೆಯಾದ. ಅಭಿಮಾನಿಗಳ ನ್ಯಾಯ ಎಷ್ಟು ತೆಳುವಾದ ಗೆರೆಯ ಮೇಲೆ ನಿಂತಿರುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಏಟನ್‌ನ ಪಕ್ಷದವರು ಇಲ್ಲಿಗೇ ವಾದ ಮುಗಿಸಲು ನೋಡುತ್ತಾರೆ. ನಾನು ಇನ್ನೂ ಸ್ವಲ್ಪ ಮುಂದೆ ಹೋಗುತ್ತೇನೆ, ಯಾಕೆಂದರೆ ಅದೇ ಫೈನಲ್‌ನ ಕೊನೆಯ ಪಂದ್ಯದಲ್ಲಿ ಬೇರೊಂದು ಅಂಕಿ ಕಾಣಿಸಿತು. ಯಾನಿಸ್ ಆ ರಾತ್ರಿ 50 ಅಂಕ ಹೊಡೆದ. ಅದರಲ್ಲಿ ಹದಿನೇಳು ಬಂದದ್ದು ಫ್ರೀ ಥ್ರೋಗಳಿಂದ. 19 ಸಲ ಆ ಗೆರೆಯ ಮೇಲೆ ನಿಂತಿದ್ದ.

ಫ್ರೀ ಥ್ರೋ ಎಂದರೆ ಫೌಲ್ ಆದಾಗ ಸಿಗುವ ಅಡೆತಡೆಯಿಲ್ಲದ ಎಸೆತ. ಅದು ಪುಗಸಟ್ಟೆ ಸಿಗುವುದಲ್ಲ. ಮೈಗೆ ಮೈ ತಾಗಿಸಿ, ಏಟು ತಿಂದು, ಬುಟ್ಟಿಯ ಕಡೆ ನುಗ್ಗಿದವನಿಗೆ ಸಿಗುವ ಸಂಬಳ ಅದು. ಜೋಯೆಲ್ ಎಂಬೀಡ್‌ನಂಥ ಸೆಂಟರ್ ತನ್ನ ಒಳ್ಳೆಯ ವರ್ಷಗಳಲ್ಲಿ ಪಂದ್ಯಕ್ಕೆ ಹತ್ತಕ್ಕೂ ಹೆಚ್ಚು ಇಂಥ ಎಸೆತ ಗಳಿಸುತ್ತಿದ್ದ. ಏಟನ್‌ದು ಎರಡು, ಹೆಚ್ಚೆಂದರೆ ಮೂರು. ಯಾನಿಸ್ ಒಂದು ರಾತ್ರಿ ಗಳಿಸಿದಷ್ಟು ಫ್ರೀ ಥ್ರೋ ಕೂಡಿಸಲು ಏಟನ್‌ಗೆ ಏಳೆಂಟು ಪಂದ್ಯ ಬೇಕು. ಏಳಡಿ ಎತ್ತರ, ನೂರು ಕೆ.ಜಿ. ಮೀರಿದ ಮೈ, ಬುಟ್ಟಿಯಿಂದ ಎಂಟು ಹತ್ತು ಅಡಿ ದೂರದಲ್ಲಿ ಚೆಂಡು ಸಿಕ್ಕಿದೆ, ಎದುರಿಗೆ ತನಗಿಂತ ಗಿಡ್ಡ ಆಟಗಾರ. ಎಂಬೀಡ್ ಅವನನ್ನು ದಬ್ಬಿಕೊಂಡು ಒಳಗೆ ಹೋಗುತ್ತಾನೆ. ಏಟನ್ ಹಿಂದಕ್ಕೆ ವಾಲಿ, ಅಲ್ಲಿಂದಲೇ ಮೆತ್ತಗೆ ಎಸೆಯುತ್ತಾನೆ. ಎಸೆತ ನೋಡಲು ಚೆನ್ನ, ಬಹುತೇಕ ಬೀಳುತ್ತದೆ ಕೂಡ. ಆದರೆ ಎದುರಾಳಿಗೆ ಫೌಲ್ ಬೀಳುವುದಿಲ್ಲ, ಅವರ ಒಳ್ಳೆಯ ಆಟಗಾರ ಬೆಂಚಿಗೆ ಹೋಗುವುದಿಲ್ಲ, ನೋವಾಗುವುದಿಲ್ಲ. ಒಂದು ತಂಡ ಏಟನ್‌ಗೆ ಹೆದರಿ ತನ್ನ ಡಿಫೆನ್ಸ್ ಬದಲಿಸಿಕೊಂಡ ಸಂದರ್ಭಗಳು ಬಲು ಕಡಿಮೆ. ನನ್ನ ಮಟ್ಟಿಗೆ ಅವನ ಮೇಲಿನ ದೂರಿನ ತಿರುಳು ಇದೇ. ಶೇ 60ರ ಹತ್ತಿರದ ಗುರಿ ಪ್ರಮಾಣ ಒಳ್ಳೆಯದು ಹೌದು, ಆದರೆ ಸುಲಭದ ಎಸೆತಗಳನ್ನಷ್ಟೇ ಆರಿಸಿಕೊಳ್ಳುವವನ ಪ್ರಮಾಣ ಕೂಡ ಹಾಗೇ ಇರುತ್ತದೆ.

ಇನ್ನು ಸ್ಥಿರತೆಯ ಮಾತು. ಕ್ರಿಕೆಟ್ ಹುಚ್ಚಿನ ನಮಗೆ ಇದನ್ನು ವಿವರಿಸುವ ಅಗತ್ಯವಿಲ್ಲ; ಕೆ.ಎಲ್. ರಾಹುಲ್ ಬಗ್ಗೆ ಬೆಂಗಳೂರಿನ ದರ್ಶಿನಿಗಳಲ್ಲಿ ಕಾಫಿ ಆರುವಷ್ಟು ಹೊತ್ತು ನಡೆಯುವ ವಾದವೂ ಇದೇ ಜಾತಿಯದು. ಸರಾಸರಿ ನಲವತ್ತು ಎಂದರೆ ಪ್ರತಿ ಸಲ ನಲವತ್ತು ಹೊಡೆದವನೂ ಇರಬಹುದು, ಒಂದು ದಿನ ಸೊನ್ನೆ ಇನ್ನೊಂದು ದಿನ ಎಂಬತ್ತು ಹೊಡೆದವನೂ ಇರಬಹುದು. ಏಟನ್‌ನ ವರ್ಷದ ಸರಾಸರಿ ಗೋಡೆಯಷ್ಟು ನೇರ. ದಿನದ ಲೆಕ್ಕ ತೆಗೆದರೆ ಏರಿಳಿತ. ಫೈನಲ್‌ನ ಮೊದಲ ಪಂದ್ಯದಲ್ಲಿ 22 ಅಂಕ, 19 ರೀಬೌಂಡ್ ಬಾಚಿದವನು ಸರಣಿಯ ಕೊನೆಯ ಹೊತ್ತಿಗೆ ಕಾಣಿಸದಾದ. ಇವತ್ತು ಯಾವ ಏಟನ್ ಬರುತ್ತಾನೋ ಎಂಬುದು ಫೀನಿಕ್ಸ್ ಅಭಿಮಾನಿಗಳ ಮಾಮೂಲಿ ಗೊಣಗಾಟವಾಗಿತ್ತು.

ಆ ಗೊಣಗಾಟ 2022ರ ಮೇ 15ರಂದು ಬೊಬ್ಬೆಯಾಯಿತು. ಆ ಋತುವಿನಲ್ಲಿ ಸನ್ಸ್ 64 ಪಂದ್ಯ ಗೆದ್ದು ಲೀಗ್‌ನಲ್ಲೇ ಮೊದಲ ಸ್ಥಾನದಲ್ಲಿತ್ತು. ಡಲ್ಲಾಸ್ ವಿರುದ್ಧದ ಸರಣಿ ಏಳನೇ ಪಂದ್ಯಕ್ಕೆ ಬಂದಿತ್ತು, ಅದೂ ತವರಿನಲ್ಲಿ. ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಎದ್ದು ಟಿವಿ ಹಾಕಿದವರಿಗೆ ಕಂಡದ್ದು ಪಂದ್ಯವಲ್ಲ, ಜಾತ್ರೆ ಮುಗಿದ ಮೈದಾನ. ಅರ್ಧ ಆಟ ಮುಗಿದಾಗ ಡಲ್ಲಾಸ್ 57, ಫೀನಿಕ್ಸ್ 27. ಡಾಂಚಿಚ್ ಒಬ್ಬನೇ ಹೊಡೆದದ್ದು ಅಷ್ಟೇ, 27. ಕೊನೆಗೆ 123–90. ಬುಕರ್ 11 ಅಂಕಕ್ಕೆ, ಪಾಲ್ 10 ಅಂಕಕ್ಕೆ ನಿಂತಿದ್ದರು, ಆದರೆ ಮಾತೆಲ್ಲ ಏಟನ್ ಸುತ್ತ. 17 ನಿಮಿಷ ಆಡಿ 5 ಅಂಕ ಗಳಿಸಿದ್ದ ಅವನನ್ನು ಕೋಚ್ ಕೂರಿಸಿದ್ದರು. ಯಾಕೆಂದು ಕೇಳಿದ್ದಕ್ಕೆ ವಿಲಿಯಮ್ಸ್, ಅದು ಒಳಗಿನ ವಿಷಯ ಎಂದಷ್ಟೇ ಹೇಳಿದರು. ಬೇಸಿಗೆ ಕಳೆದು ಸೆಪ್ಟೆಂಬರ್‌ನಲ್ಲಿ ತಂಡ ಮತ್ತೆ ಸೇರಿದಾಗ, ಆ ಪಂದ್ಯದ ನಂತರ ಕೋಚ್ ಜೊತೆ ತಾನು ಮಾತೇ ಆಡಿಲ್ಲ ಎಂದು ಏಟನ್ ಪತ್ರಕರ್ತರ ಮುಂದೆ ಹೇಳಿದ. ಒಂದೇ ತಂಡದ ಕೋಚ್ ಮತ್ತು ಸೆಂಟರ್ ನಾಲ್ಕು ತಿಂಗಳು ಮೌನ! ಇದರಲ್ಲಿ ತಪ್ಪು ಒಬ್ಬರದೇ ಇರಲಾರದು. ಇಪ್ಪತ್ತಮೂರರ ಆಟಗಾರ ಮತ್ತು ಐವತ್ತರ ಕೋಚ್ ಇಬ್ಬರಲ್ಲಿ ಮೊದಲು ಫೋನ್ ಎತ್ತಬೇಕಾದವರು ಯಾರು ಎಂದು ನನ್ನನ್ನು ಕೇಳಿದರೆ ಹಿರಿಯರ ಕಡೆಗೇ ಬೆರಳು ತೋರಿಸುತ್ತೇನೆ.

ಅದರ ಹಿಂದೆ ದುಡ್ಡಿನ ಕಥೆಯೂ ಇತ್ತು. 2021ರ ಅಕ್ಟೋಬರ್‌ನಲ್ಲಿ, ಫೈನಲ್ ಮುಗಿದ ಮೂರೇ ತಿಂಗಳಿಗೆ, ಸನ್ಸ್ ಏಟನ್‌ಗೆ ಗರಿಷ್ಠ ಮೊತ್ತದ ಒಪ್ಪಂದ ಕೊಡಲು ಒಪ್ಪಲಿಲ್ಲ. ಅದೇ ಡ್ರಾಫ್ಟ್‌ನ ಡಾಂಚಿಚ್, ಟ್ರೇ ಯಂಗ್, ಶೇ ಗಿಲ್ಜಸ್-ಅಲೆಕ್ಸಾಂಡರ್ ಮೂವರಿಗೂ ಅವರವರ ತಂಡಗಳು ಅದನ್ನು ಕೊಟ್ಟಿದ್ದವು. ಮರುವರ್ಷ ಜುಲೈನಲ್ಲಿ ಇಂಡಿಯಾನಾ ಪೇಸರ್ಸ್ ನಾಲ್ಕು ವರ್ಷಕ್ಕೆ 13.3 ಕೋಟಿ ಡಾಲರ್ ಕೊಡುತ್ತೇವೆಂದು ಮುಂದೆ ಬಂತು. ಲೀಗ್ ನಿಯಮದ ಪ್ರಕಾರ ಹಳೆಯ ತಂಡ ಅಷ್ಟೇ ಹಣ ಕೊಟ್ಟು ಆಟಗಾರನನ್ನು ಉಳಿಸಿಕೊಳ್ಳಬಹುದು. ಸನ್ಸ್ ತಡ ಮಾಡದೆ ಹಾಗೇ ಮಾಡಿತು. ತಾನಾಗಿ ಕೊಡದ ಬೆಲೆಯನ್ನು ಪಕ್ಕದವರು ಕೂಗಿದ ಮೇಲೆ ಕೊಟ್ಟದ್ದು. ಅವನನ್ನು ಬೇಕು ಎಂದು ಅಲ್ಲ, ಬಿಟ್ಟರೆ ನಷ್ಟ ಎಂದು ಇಟ್ಟುಕೊಂಡದ್ದು. ಆ ಲೆಕ್ಕಾಚಾರ ಆಟಗಾರನಿಗೆ ತಿಳಿಯದೆ ಇರುತ್ತದೆಯೆ?

ಮುಂದಿನದು ಚುಟುಕು. 2023ರ ಸೆಪ್ಟೆಂಬರ್‌ನಲ್ಲಿ ಡೇಮಿಯನ್ ಲಿಲಾರ್ಡ್ ಮಿಲ್ವಾಕೀಗೆ ಹೋದ ಮೂರು ತಂಡಗಳ ವಿನಿಮಯದಲ್ಲಿ ಏಟನ್ ಪೋರ್ಟ್‌ಲ್ಯಾಂಡ್‌ಗೆ ಬಂದ. ಅವನಿಗಿಂತ ಮೊದಲು ಡ್ರಾಫ್ಟ್‌ನಲ್ಲಿ ಒಂದನೆಯವನಾಗಿ ಆಯ್ಕೆಯಾಗಿದ್ದ ಬಹಾಮಾಸ್‌ನ ಮತ್ತೊಬ್ಬ ಆಟಗಾರ ಮೈಕಲ್ ಥಾಂಪ್ಸನ್. ಅವರನ್ನು 1978ರಲ್ಲಿ ಆರಿಸಿದ್ದೂ ಇದೇ ಪೋರ್ಟ್‌ಲ್ಯಾಂಡ್. ಏಟನ್ ಅಲ್ಲಿ ತನ್ನ ಹೆಸರನ್ನೇ ತಿರುಚಿ 'ಡಾಮಿನೇಟನ್' ಎಂದು ಘೋಷಿಸಿಕೊಂಡ. ಘೋಷಣೆ ನಗೆಪಾಟಲಾಯಿತು. 2024ರ ಜನವರಿಯಲ್ಲಿ ರಸ್ತೆ ಮಂಜುಗಡ್ಡೆಯಾಗಿ ಮನೆಯಿಂದ ಹೊರಬರಲಾಗದೆ ಒಂದು ಪಂದ್ಯ ತಪ್ಪಿಸಿಕೊಂಡದ್ದೂ ಗೇಲಿಗೆ ವಸ್ತುವಾಯಿತು. ಆದರೆ ಅದೇ ಋತುವಿನ ಕೊನೆಯ ವಾರಗಳಲ್ಲಿ, 61 ಪಂದ್ಯ ಸೋತ ತಂಡದಲ್ಲಿ, ಅವನು ಪಂದ್ಯಕ್ಕೆ ಇಪ್ಪತ್ತಕ್ಕೂ ಹೆಚ್ಚು ಅಂಕ ಹೊಡೆಯುತ್ತಿದ್ದ. ಗಮನಿಸಬೇಕಾದದ್ದು ಇದು. ಕೈಲಾಗದವನಲ್ಲ. ಪಣಕ್ಕೆ ಏನೂ ಉಳಿಯದಿದ್ದಾಗ ಹೊರಬರುವ ಆಟ, ಪಣವಿದ್ದಾಗ ಅಡಗಿಕೊಂಡಿತು. ಪೋರ್ಟ್‌ಲ್ಯಾಂಡ್ ಎರಡು ಡ್ರಾಫ್ಟ್‌ಗಳಲ್ಲಿ ಸಾಲಾಗಿ ಇಬ್ಬರು ಎಳೆಯ ಸೆಂಟರ್‌ಗಳನ್ನು ತಂದುಕೊಂಡಿತು. 2025ರ ಜೂನ್ ಕೊನೆಗೆ, ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ, ಲೆಕ್ಕ ಚುಕ್ತಾ ಮಾಡಿ ಅವನನ್ನು ಬಿಟ್ಟುಕೊಟ್ಟಿತು.

ಹಾಗಾದರೆ ಏಟನ್ ಸ್ಥಿರನೋ, ಇಲ್ಲ ಅತಿಯಾಗಿ ಹೊಗಳಿಸಿಕೊಂಡವನೋ? ಪ್ರಶ್ನೆಯನ್ನು ಹೀಗೆ ಎರಡು ತಟ್ಟೆಯಲ್ಲಿಟ್ಟು ಕೇಳುವುದೇ ವಾದವನ್ನು ಹಳ್ಳ ಹಿಡಿಸಿದೆ. ಎರಡೂ ನಿಜ, ಮತ್ತು ಎರಡಕ್ಕೂ ಪುರಾವೆ ಒಂದೇ. ಇಪ್ಪತ್ತರ ವಯಸ್ಸಿನಲ್ಲಿ 16 ಮತ್ತು 10 ಎಂದರೆ ಭರವಸೆ. ಇಪ್ಪತ್ತಾರರಲ್ಲೂ 14 ಮತ್ತು 10 ಎಂದರೆ ಭರವಸೆ ಅಲ್ಲೇ ಕೂತುಬಿಟ್ಟಿದೆ ಎಂದರ್ಥ. ಮೊದಲ ಆಯ್ಕೆಯ ಆಟಗಾರನಿಗೆ ತಂಡ ಕಾಯುವುದು ಅವನು ಇವತ್ತು ಏನು ಮಾಡುತ್ತಾನೆ ಎಂಬುದಕ್ಕಲ್ಲ, ಐದು ವರ್ಷದಲ್ಲಿ ಏನಾಗುತ್ತಾನೆ ಎಂಬುದಕ್ಕೆ. ಡಾಂಚಿಚ್ ಬೆಳೆದ. ಹನ್ನೊಂದನೆಯವನಾಗಿ ಆಯ್ಕೆಯಾಗಿದ್ದ ಗಿಲ್ಜಸ್-ಅಲೆಕ್ಸಾಂಡರ್ ಬೆಳೆದು 2025ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ, ತಂಡಕ್ಕೆ ಚಾಂಪಿಯನ್ ಪಟ್ಟವನ್ನೂ ತಂದ. ಮೂವತ್ತಮೂರನೆಯವನಾಗಿದ್ದ ಜೇಲನ್ ಬ್ರನ್ಸನ್ ನ್ಯೂಯಾರ್ಕ್‌ನ ಕಣ್ಮಣಿಯಾದ. ಏಟನ್ ಆ ಏಳು ವರ್ಷಗಳಲ್ಲಿ ಒಮ್ಮೆಯೂ ಆಲ್-ಸ್ಟಾರ್ ತಂಡಕ್ಕೆ ಆಯ್ಕೆಯಾಗಲಿಲ್ಲ.

ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಅವನನ್ನು ಕರೆದುಕೊಂಡಿತು. ಡಾಂಚಿಚ್ ಅದೇ ವರ್ಷ ಫೆಬ್ರುವರಿಯಲ್ಲಿ ಆ ತಂಡಕ್ಕೆ ಬಂದಿದ್ದ; ಅವನಿಗಾಗಿ ತಮ್ಮ ಸೆಂಟರ್ ಆಂಥನಿ ಡೇವಿಸ್‌ನನ್ನೇ ಲೇಕರ್ಸ್ ಕೊಟ್ಟುಬಿಟ್ಟಿತ್ತು. ಆ ಜಾಗ ಖಾಲಿ ಬಿದ್ದದ್ದರ ದಂಡವನ್ನು ಪ್ಲೇಆಫ್‌ನಲ್ಲಿ ತೆತ್ತಿತು: ಮಿನ್ನೆಸೋಟದ ರೂಡಿ ಗೊಬೇರ್ ಕೊನೆಯ ಪಂದ್ಯದಲ್ಲಿ 27 ಅಂಕ, 24 ರೀಬೌಂಡ್ ಬಾಚಿ ಲೇಕರ್ಸ್ ಅನ್ನು ಮನೆಗೆ ಕಳಿಸಿದ. ಅಡ್ಡ ನಿಲ್ಲುವ, ಬುಟ್ಟಿಯ ಕಡೆ ಓಡುವ, ರೀಬೌಂಡ್ ಹಿಡಿಯುವ ಒಬ್ಬ ಏಳಡಿಯ ಆಳು ಅವರಿಗೆ ಬೇಕಿತ್ತು, ಅಷ್ಟೇ. ಏಳು ವರ್ಷ ಯಾರಿಗೆ ಹೋಲಿಸಿ ಬೈಯುತ್ತಿದ್ದರೋ ಅವನಿಂದಲೇ ಏಟನ್ ಇನ್ನು ಪಾಸ್ ಪಡೆಯಬೇಕಾಯಿತು.

ಮೊದಲ ಆಯ್ಕೆಯಾಗಿ ಏಟನ್ ಸೋತ, ಅದರಲ್ಲಿ ಅವನಷ್ಟೇ ಪಾಲು ಆರಿಸಿದವರದ್ದೂ ಇದೆ. ಮೂರನೆಯ ಅಥವಾ ನಾಲ್ಕನೆಯ ಕೈಯಾಗಿ ಅವನು ಒಳ್ಳೆಯ ಸೆಂಟರ್, 2021ರ ಫೈನಲ್‌ವರೆಗಿನ ದಾರಿ ಅದಕ್ಕೆ ರುಜು. ಪೋರ್ಟ್‌ಲ್ಯಾಂಡ್‌ನಲ್ಲಿ ಉಳಿದಿದ್ದರೆ ಆ ವರ್ಷ ಅವನಿಗೆ ಸಿಗುತ್ತಿದ್ದದ್ದು ಸುಮಾರು 3.56 ಕೋಟಿ ಡಾಲರ್. ಲೇಕರ್ಸ್ ಒಪ್ಪಂದ ಎರಡು ವರ್ಷಕ್ಕೆ ಸೇರಿ 1.6 ಕೋಟಿ ಡಾಲರ್‌ಗೆ ಸ್ವಲ್ಪ ಹೆಚ್ಚು. ಹದಿನಾರು ಅಂಕ, ಹತ್ತು ರೀಬೌಂಡ್‌ಗೆ ಆ ಬೆಲೆ ಕಡಿಮೆಯೇ ಆಯಿತು.